ಹವಾಲ್ದಾರ್ ಸಾಹೇಬರು ಬಿಟ್ಟ ತಪ್ಪಲು

ನನ್ನ ಮೇಜಿನ ಮುಂದೆ ಯಾರೇ ಬಂದು ಕೂತರೂ ಮೊದಲು ಮಾತ್ರೆ ಚೀಲ ಬಿಚ್ಚಿ ಎನ್ನುತ್ತೇನೆ. ಆದೋನಿಯಲ್ಲಿ ಮಾಜಿ ಸೈನಿಕರಿಗೆಂದೇ ಇರುವ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಮಾತ್ರೆ ಕೊಡುವ ಕಿಟಕಿ ಬೇರೆ ಇದೆ, ಅಲ್ಲಿ ನಾನು ಕೂರುವುದಿಲ್ಲ. ಡಾಕ್ಟರು ಬರೆದದ್ದು ಈ ಮನುಷ್ಯನ ಹೊಟ್ಟೆ ಸೇರಿ ಏನು ಮಾಡುತ್ತಿದೆ, ಒಂದು ಮಾತ್ರೆ ಇನ್ನೊಂದರ ಜೊತೆ ಜಗಳಕ್ಕೆ ನಿಂತಿದೆಯೇ ಎಂದು ನೋಡುವುದು ನನ್ನ ಕೆಲಸ. ನಮ್ಮವ್ವನಿಗೆ ಇದು ಇನ್ನೂ ಅರ್ಥವಾಗಿಲ್ಲ. "ಡಾಕ್ಟರೂ ಅಲ್ಲ, ಮೆಡಿಕಲ್ ಶಾಪೂ ಅಲ್ಲ, ಮತ್ತ ದಿನಾ ಹೋಗಿ ಏನ್ ಮಾಡ್ತಿ ನೀನು?" ಎಂದು ಕೇಳುತ್ತಾಳೆ. "ಮಂದಿ ಮನಿ ಸುದ್ದಿ ಕೇಳ್ತೀನಿ" ಎಂದರೆ ಅದು ಮಾತ್ರ ಥಟ್ಟನೆ ಅರ್ಥವಾಗುತ್ತದೆ.

ಸುಳ್ಳೂ ಅಲ್ಲ. ಚೀಲ ಬಿಚ್ಚಿದರೆ ಮನೆಯೇ ಬಿಚ್ಚಿಕೊಳ್ಳುತ್ತದೆ. ನಂದವರದ ಸಿಪಾಯಿಯೊಬ್ಬರು ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಗಳನ್ನು ಸುಣ್ಣದ ಡಬ್ಬಿಯಲ್ಲಿ ಹಾಕಿಕೊಂಡು ತಿರುಗುತ್ತಿದ್ದರು. ಡಬ್ಬಿಯಲ್ಲಿ ಸುಣ್ಣವೂ ಇತ್ತು! ಯಾಕೆ ಸಾಹೇಬರೇ ಅಂದರೆ, "ಅದೊಂದ ಡಬ್ಬಿ ನಾ ಯಾವತ್ತೂ ಮರೆಯಂಗಿಲ್ರಿ" ಅಂದರು. ಇಂಥ ಉತ್ತರ ಯಾವ ಪುಸ್ತಕದಲ್ಲಿ ಸಿಗುತ್ತದೆ ಹೇಳಿ. ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ನನಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ, ಬಾಯಿಯೂ ಜೋರು. ಅದನ್ನು ಹೇಳಲಿಕ್ಕೇ ಈ ಕಥೆ ಶುರು ಮಾಡಿದ್ದೇನೆ.

ನಮ್ಮಲ್ಲಿ ಬರುವವರನ್ನು ಹುದ್ದೆ ಹಿಡಿದೇ ಕರೆಯುವುದು ರೂಢಿ. ಸುಬೇದಾರ್ ಸಾಹೇಬರು, ನಾಯಕ್ ಸಾಹೇಬರು. ಹೀಗೆ ಒಬ್ಬರು ಹವಾಲ್ದಾರ್ ಸಾಹೇಬರು, ಆಸ್ಪರಿ ಆಚೆಯ ಒಂದು ಹಳ್ಳಿಯವರು. ಅರವತ್ತು ದಾಟಿದ ವಯಸ್ಸು, ಹಣೆಗೆ ವಿಭೂತಿ, ಬೆನ್ನು ಮಾತ್ರ ಇನ್ನೂ ಪರೇಡಿನಲ್ಲಿ ನಿಂತ ಹಾಗೆ ನೆಟ್ಟಗೆ. ಅವರ ಹೃದಯದಲ್ಲಿ ಲೋಹದ ಕವಾಟ ಕೂರಿಸಿದ್ದಾರೆ. ಹತ್ತಿರ ಕೂತರೆ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುವುದು ನನಗೂ ಕೇಳಿಸುತ್ತದೆ. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನವೂ ರಕ್ತ ತೆಳುವಾಗಿಸುವ ಒಂದು ಮಾತ್ರೆ ನುಂಗಬೇಕು. ಎಷ್ಟು ತೆಳುವಾಗಿದೆ ಎಂದು ತೋರಿಸಲು ಒಂದು ಪರೀಕ್ಷೆ. ಅದರ ಅಂಕಿ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಕೆಳಗಿಳಿದರೆ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು, ಮೇಲೇರಿದರೆ ಎಲ್ಲೆಂದರಲ್ಲಿ ರಕ್ತ ಸುರಿಯಬಹುದು. ಅವರ ಜೀವ ಅಷ್ಟು ಸಣ್ಣ ಸಂದಿಯಲ್ಲಿತ್ತು.

ಕವಾಟ ಕೂರಿಸಿದ ಬೇಸಿಗೆಯಿಂದ ಅವರ ಅಂಕಿ ಕದಲಿದ್ದೇ ಇಲ್ಲ. ಹೊಸಬರಿಗೆ ನಾನು ಅಂಕಿ ಬರೆದಿಡುವ ಅವರ ಕಾರ್ಡನ್ನೇ ಮಾದರಿಯಾಗಿ ತೋರಿಸುತ್ತಿದ್ದೆ. ಅಂಥದ್ದು ಚಳಿ ಶುರುವಾದ ಮೇಲೆ ಇಳಿಯತೊಡಗಿತು. ಒಂದು ತಿಂಗಳು ಎರಡು ಬಂತು, ಮುಂದಿನ ಸಲ ಒಂದೂವರೆ.

"ಮಾತ್ರಿ ಮರ್ತೀರೇನು?" ಎಂದೆ.

"ಮೇಡಂ, ಊಟ ಮರ್ತೇನು, ಇದನ್ನ ಮರೆಯಂಗಿಲ್ಲ" ಅಂದರು. ಮುಖ ಸಣ್ಣದಾಗಿತ್ತು. ಪಕ್ಕದಲ್ಲಿದ್ದ ಅವರ ಹೆಂಡತಿ, "ದಿನಾ ಸಂಜಿ ಏಳಕ್ಕ ಗಡಿಯಾರ ನೋಡಿಕೊಂಡು ನುಂಗ್ತಾರವ್ವ. ಏಳಕ್ಕ ಐದ್ ನಿಮಿಷ ಇದ್ರ ಐದ್ ನಿಮಿಷ ಕೂಡ್ತಾರ" ಅಂದರು.

ನನ್ನ ತಲೆಗೆ ಹುಳ ಹೊಕ್ಕಿತು. ನಾಟಿ ಔಷಧಿ? ಇಲ್ಲ. ಕುಡಿತ? ಸರ್ವೀಸು ಮುಗಿದ ದಿನವೇ ಬಿಟ್ಟರಂತೆ. ಕಷಾಯ, ಮೂಳೆನೋವಿನ ಪುಡಿ, ಯಾರೋ ಕೊಟ್ಟ ಟಾನಿಕ್ಕು? ಎಲ್ಲಕ್ಕೂ ಇಲ್ಲ, ಇಲ್ಲ. ಕಾರ್ಡನ್ನು ಅತ್ತ ಇತ್ತ ತಿರುಗಿಸಿ ನೋಡಿದೆ. ಮಾತ್ರೆ ಅದೇ, ಮನುಷ್ಯ ಅದೇ, ಹಾಗಾದರೆ ಬದಲಾದದ್ದೇನು? ಡಾಕ್ಟರು ಮಾತ್ರೆಯ ಪ್ರಮಾಣ ಸ್ವಲ್ಪ ಏರಿಸಿ ಬರೆದುಕೊಟ್ಟರು. ನನಗೆ ಮಾತ್ರ ಸಮಾಧಾನವಿಲ್ಲ.

ಮಧ್ಯಾಹ್ನ ಕೈತೊಳೆಯಲು ಹೊರಗೆ ಹೋದಾಗ ಗಂಡಹೆಂಡತಿ ವರಾಂಡದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ರಾಶಿ ಹಸಿ ಸೊಪ್ಪು. ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು. ನಮ್ಮ ಕಡೆ ಚಳಿಗಾಲದಲ್ಲಿ ಹೊಲ ಇಂಥ ತಪ್ಪಲಿನಿಂದ ತುಂಬಿರುತ್ತದೆ. ಬೇಯಿಸುವ ಗೊಡವೆಯೇ ಇಲ್ಲ, ತೊಳೆದು ರೊಟ್ಟಿಯ ಜೊತೆ ಹಾಗೇ ಕಚ್ಚುವುದು. ನಾನೂ ತಿಂದೇ ಬೆಳೆದವಳು. "ಬಾರವ್ವ, ಒಂದ್ ರೊಟ್ಟಿ ತಿನ್ನು" ಎಂದು ಹೆಂಡತಿ ಕರೆದರು. ಹವಾಲ್ದಾರ್ ಸಾಹೇಬರು ಹಿಡಿ ತಪ್ಪಲು ಮುರಿದು ಬಾಯಿಗಿಡುತ್ತಿದ್ದರು.

ಅಲ್ಲಿಗೆ ಗುಟ್ಟು ಬಯಲಾಯಿತು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಸೊಪ್ಪಿನಲ್ಲಿದೆ. ಮಾತ್ರೆ ಒಂದು ಕಡೆ ಎಳೆದರೆ ಸೊಪ್ಪು ಇನ್ನೊಂದು ಕಡೆ ಎಳೆಯುತ್ತದೆ. ಚಳಿಗಾಲ ಬಂತು, ಹೊಲದ ತಪ್ಪಲು ಬಂತು, ಅಂಕಿ ಇಳಿಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಕುಣಿಯುವುದೊಂದು ಬಾಕಿ. ಆ ಖುಷಿಯ ಹಿಂದೆಯೇ ಸಿಟ್ಟು ಬಂತು. ಮೊದಲ ಸಲವೇ ಹೇಳಿದ್ದೆನಲ್ಲ, ಊಟದಲ್ಲಿ ಏನಾದರೂ ಬದಲಾದರೆ ಹೇಳಿ ಅಂತ!

"ಏನ್ರಿ ಸಾಹೇಬ್ರ, ಇಷ್ಟು ಸೊಪ್ಪು ತಿಂದ್ರ ಮಾತ್ರಿ ಕೆಲಸ ಮಾಡೋದೆಂಗ? ಲಕ್ವ ಹೊಡಿಸ್ಕೋಬೇಕಂತ ಮಾಡೀರೇನು? ಇವತ್ತಿಂದ ಹಸರು ಅನ್ನೋದು ಬಾಯಿಗಿಡಬ್ಯಾಡ್ರಿ. ತಿಳೀತಾ?"

ಅವರು ಬಾಯಿಗೆ ಒಯ್ದ ತಪ್ಪಲನ್ನು ಹಾಗೇ ಕೆಳಗಿಟ್ಟರು. ಎದ್ದು ನಿಂತು "ತಿಳೀತ್ರಿ ಮೇಡಂ" ಅಂದರು. ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದ ಹಿರಿಯರು ನನ್ನಂಥವಳ ಮುಂದೆ ಎದ್ದು ನಿಂತರಲ್ಲ ಎಂದು ಆಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಳಗೆ ಬಂದು ಕಾರ್ಡಿನಲ್ಲಿ "ಆಹಾರದ ಬಗ್ಗೆ ತಿಳಿಸಲಾಗಿದೆ" ಎಂದು ಬರೆದೆ. ಹೇಳಬೇಕಿದ್ದದ್ದು ಬೇರೆಯೇ ಇತ್ತು. ಸೊಪ್ಪು ಬಿಡಬೇಡಿ, ದಿನವೂ ಒಂದೇ ಅಳತೆಯಲ್ಲಿ ತಿನ್ನಿ, ಅದಕ್ಕೆ ತಕ್ಕ ಹಾಗೆ ನಾವು ಮಾತ್ರೆ ಹೊಂದಿಸುತ್ತೇವೆ. ಓದುವಾಗ ಉರು ಹೊಡೆದ ಪಾಠವದು. ಮಾತ್ರೆ ಏರಿಸಿದ್ದೂ ಆಗಿದೆ ಎಂಬುದನ್ನು ನೆನೆದು ಒಂದು ವಾರಕ್ಕೇ ಬನ್ನಿ ಎನ್ನಬೇಕಿತ್ತು. ಮೂರು ವಾರ ಬಿಟ್ಟು ಬನ್ನಿ ಎಂದಿದ್ದೆ.

ಮೂರನೆಯ ವಾರ ಅವರು ಬಾಯಿಗೆ ಟವೆಲ್ ಒತ್ತಿಕೊಂಡು ಬಂದರು. ಹಲ್ಲುಜ್ಜಿದರೆ ರಕ್ತ, ಉಗುಳಿದರೆ ರಕ್ತ. ತೋಳಿನಲ್ಲಿ ಅಂಗೈಯಗಲ ನೀಲಿ ಕಲೆ. ಪರೀಕ್ಷೆ ಮಾಡಿಸಿದರೆ ಅಂಕಿ ಏಳರ ಹತ್ತಿರ.

ಅವರನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಊಟದ ಬಗ್ಗೆ ಕೇಳಿದೆ. ಆಕೆ ಹೇಳುತ್ತಾ ಹೋದರು. ಪಲ್ಯ ಬಿಟ್ಟರಂತೆ. ಪುಂಡಿ ಸೊಪ್ಪಿನ ಬೇಳೆ ಬಿಟ್ಟರಂತೆ. ಸಾರಿನಲ್ಲಿದ್ದ ಕೊತ್ತಂಬರಿಯನ್ನು ಎಸಳೆಸಳೇ ಆರಿಸಿ ತಟ್ಟೆಯ ಬದಿಗಿಡುತ್ತಿದ್ದರಂತೆ. ಉಪ್ಪಿಟ್ಟಿನ ಕರಿಬೇವೂ ಬೇಡ, ಹಸಿಮೆಣಸಿನಕಾಯಿಯೂ ಬೇಡ, ಅದೂ ಹಸಿರಲ್ಲವೇ.

"ಅದೆಲ್ಲಾ ಹೋಗ್ಲಿ ಬಿಡವ್ವ. ಸೋಮವಾರ ಗುಡಿಯಾಗ ಸ್ವಾಮಿಗಳು ಪೂಜಿ ಮಾಡಿದ ಪತ್ರಿ ಕೊಡ್ತಾರಲ್ಲ, ನಲವತ್ತು ವರ್ಷ ಆತು ಮದುವ್ಯಾಗಿ, ಊರಾಗ ಇದ್ದಾಗ ಒಂದ್ ಎಸಳು ಬಾಯಿಗೆ ಹಾಕ್ಕೊಳ್ಳದ ಅವರು ಮನಿಗೆ ಬಂದಿದ್ದಿಲ್ಲ. ಈಗ ಕಣ್ಣಿಗೊತ್ತಿಕೊಂಡು ತಿರುಗಿ ಕೊಡ್ತಾರ. ಮೇಡಂ ಹಸರು ಬ್ಯಾಡ ಅಂದಾರ ಅಂತಾರ. ಶಿವನ ಪತ್ರಿಗೂ ಬ್ಯಾಡ ಅಂದ್ಯೇನವ್ವ ನೀನು?"

ಬಿಲ್ವಪತ್ರೆಯ ಒಂದೆಸಳು! ಅದು ಯಾವ ಲೆಕ್ಕದ್ದೂ ಅಲ್ಲ. ಬೇರೆ ಯಾರಿಗಾದರೂ ನಾನು ಹಾಗೆ ಗದರಿದ್ದರೆ ತಲೆಯಾಡಿಸಿ ಮನೆಗೆ ಹೋಗಿ ಅರ್ಧಕ್ಕರ್ಧ ಮರೆಯುತ್ತಿದ್ದರು. ನಮ್ಮ ಜನಕ್ಕೆ ಔಷಧದ ಮಾತನ್ನು ಅರ್ಧ ಕೇಳುವ ಅಭ್ಯಾಸವಿದೆ, ನಾವೂ ಅದನ್ನು ನಂಬಿಯೇ ಎರಡರಷ್ಟು ಗದರುತ್ತೇವೆ. ಈ ಮನುಷ್ಯ ಪೂರ್ತಿ ಕೇಳಿದ್ದರು. ನಾನು ಆಡಿದ್ದು ಸಿಟ್ಟಿನ ಮಾತು, ಅವರಿಗೆ ತಲುಪಿದ್ದು ಹುಕುಂ.

ಡಾಕ್ಟರು ಬಂದರು. ಅವರ ಮಾತೆಲ್ಲ ತೆಲುಗು, ಕನ್ನಡ ಕೇಳಿದರೆ ತಿಳಿಯುತ್ತದೆ. ಕಾರ್ಡು ನೋಡಿ, ಬಾಯಿ ನೋಡಿ, ಸೊಪ್ಪೆಲ್ಲ ಬಿಟ್ಟಿದ್ದಾರೆಂದು ತಿಳಿದು ಹಣೆ ಗಂಟಿಕ್ಕಿದರು. "ಎವರು ಚೆಪ್ಪಿನಾರು ಮೀಕು?" ಎಂದರು, ಯಾರು ನಿಮಗೆ ಹೇಳಿದ್ದು ಅಂತ. ಹೆಂಡತಿ ಬಾಯಿ ತೆರೆದರು. ಹವಾಲ್ದಾರ್ ಸಾಹೇಬರು ಟವೆಲ್ ತೆಗೆದು ಆಕೆಯನ್ನೊಮ್ಮೆ ನೋಡಿದರು, ಆಕೆ ಸುಮ್ಮನಾದರು.

"ಯಾರೂ ಹೇಳಿಲ್ರಿ ಸರ್. ನಾನ ಬಿಟ್ಟೀನಿ. ನನ್ನ ತಿಳಿವಳಿಕಿ ಅಷ್ಟ."

ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಅವರ ಕಾರ್ಡು, ಅದರಲ್ಲಿ ನನ್ನದೇ ಅಕ್ಷರ. ಬಾಯಿ ಬಿಡಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಆ ಕ್ಷಣ ನನಗೆ ಬಂದದ್ದು ಅಬ್ಬಾ, ಉಳಿದೆ ಎಂಬ ಯೋಚನೆ. ಡಾಕ್ಟರು ಮಾತ್ರೆ ನಿಲ್ಲಿಸಿ, ಅಂಬುಲೆನ್ಸ್ ಕರೆಸಿ ಕರ್ನೂಲಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ರಕ್ತ ನಿಲ್ಲಬೇಕು, ಆದರೆ ಅಂಕಿ ಒಮ್ಮೆಗೇ ಬಿದ್ದರೂ ಕವಾಟ ಕಟ್ಟಿಕೊಳ್ಳುತ್ತದೆ. ಎರಡೂ ಕಡೆ ಸಾವೇ.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈದರೆ ಬೈಸಿಕೊಳ್ಳುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅವರು ಬೈಯಲಿಲ್ಲ. ಕಾರ್ಡು ನನ್ನ ಕಡೆ ಸರಿಸಿ, ನೀನು ಆಡಿದ ಮಾತನ್ನು ಆಡಿದ ಹಾಗೆ ಇದರಲ್ಲಿ ಬರಿ ಎಂದರು. ಬರೆದೆ. "ತಿಳಿಸಲಾಗಿದೆ" ಎಂದು ಬರೆದಷ್ಟು ಸಲೀಸಾಗಿ ಕೈ ಓಡಲಿಲ್ಲ.

ಐದು ದಿನ ಕರ್ನೂಲಿಗೆ ದಿನವೂ ಫೋನು ಮಾಡಿದೆ. ಅಂಕಿ ಮೆಲ್ಲಗೆ ಇಳಿಯಿತು, ನಾಲ್ಕು, ಮೂರೂವರೆ, ಮೂರು. ವಸಡಿನ ರಕ್ತ ನಿಂತಿತು. ಜೀವಕ್ಕೆ ಅಪಾಯವಿಲ್ಲ ಎಂದಮೇಲೆ ಭಾನುವಾರ ಬಸ್ಸು ಹತ್ತಿ ಹೋದೆ. ಅವ್ವ, "ರಜಾ ದಿನಾನೂ ಮಂದಿ ಸುದ್ದೀನಾ?" ಎಂದಳು.

ಅವರು ಮಂಚದ ಮೇಲೆ ಎದ್ದು ಕೂತಿದ್ದರು. ಹೆಂಡತಿ ಸ್ಟೂಲಿನ ಮೇಲೆ. ನನ್ನನ್ನು ಕಂಡು ಅವರು ಏಳಲು ಹೋದರು. "ಏಳಬ್ಯಾಡ್ರಿ, ನಿಮಗ ಕೈ ಮುಗೀತೀನಿ, ಕೂಡ್ರಿ" ಎಂದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಸಾಹೇಬ್ರ, ನಾ ನಿಮಗ ತಪ್ಪು ಹೇಳಿದ್ದೆ. ಸೊಪ್ಪು ಬಿಡ್ರಿ ಅಂತ ಹೇಳಬಾರದಿತ್ತು. ದಿನಾ ಒಂದೇ ಅಳತಿ ತಿನ್ರಿ ಅಂತ ಹೇಳಬೇಕಿತ್ತು. ನಿಮ್ಮ ತಿಳಿವಳಿಕಿ ಸರಿ ಇತ್ತು, ನಂದ ತಪ್ಪಿತ್ತು. ಡಾಕ್ಟರಿಗೂ ಹೇಳೀನಿ, ಕಾರ್ಡಿನಾಗೂ ಬರ್ದೀನಿ."

ಅವರು ಮಂಚದ ಮೇಲಿದ್ದ ಟವೆಲ್ ಕೈಗೆ ತೆಗೆದುಕೊಂಡರು. ಬೈಯುತ್ತಾರೇನೋ ಅಂದುಕೊಂಡೆ, ಬೈದರೆ ಚೆನ್ನಾಗಿತ್ತು ಅನ್ನಿಸಿತು. ಅವರ ಎದೆಯ ಟಿಕ್ ಟಿಕ್ ಕೇಳುತ್ತಾ ನಿಂತಿದ್ದೆ.

"ಯಾಕ್ರಿ ನನ್ನ ಹೆಸರು ಹೇಳಲಿಲ್ಲ ಅವತ್ತು?" ಎಂದು ನಾನೇ ಕೇಳಿದೆ.

"ಹುಕುಂ ಕೊಟ್ಟಾವ್ರ ಹೆಸರು ಹೇಳೋ ರೂಢಿ ಇಲ್ರಿ ನಮಗ. ತಪ್ಪಾದ್ರೂ ಮಾಡಿದಾಂವ ತನ್ನ ಮ್ಯಾಲ ಹಾಕ್ಕೊಳ್ಳೋದು." ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಇಪ್ಪತ್ನಾಕು ವರ್ಷ ಸರ್ವೀಸ್ ಮಾಡೀನಿ ಮೇಡಂ. ತಪ್ಪು ಹುಕುಂ ಬಾಳ ನೋಡೀನಿ. ಕೊಟ್ಟಾವ್ರು ತಿರುಗಿ ಬಂದು ತಪ್ಪಾತು ಅಂದಿದ್ದು ಇವತ್ತ ನೋಡಿದೆ. ಆವಾಗ ಒಬ್ಬರಾರ ಹಿಂಗ ತಿರುಗಿ ಬಂದಿದ್ರ, ಗಡಿಯಾಗ ಒಂದ್ ಗುಡ್ಡದ ಮ್ಯಾಲ ನಮ್ಮಾವ್ರು ಇಬ್ಬರು ಉಳೀತಿದ್ರು. ಮ್ಯಾಲಿನಾವ್ರ ಹುಕುಂ ಕೇಳಿ ಅವರನ್ನ ಹೋಗ್ರಿ ಅಂತ ಕಳಿಸಿದಾಂವ ನಾನ."

ಅವರ ಹೆಂಡತಿ ಸ್ಟೂಲಿನ ಮೇಲಿಂದ ಎದ್ದರು. ನಲವತ್ತು ವರ್ಷ ಜೊತೆಗಿದ್ದ ಆಕೆಯೂ ಈ ಮಾತನ್ನು ಅವತ್ತೇ ಮೊದಲು ಕೇಳುತ್ತಿದ್ದರು.