ಅಕ್ಕ ಆರಿಸಿದ ಚಳಿಗಾಲದ ಸೈಕಲ್ಲು

ಅಕ್ಕನ ಬಗ್ಗೆ ಬರೆಯುತ್ತೇನೆ ಅಂದಾಗ ನನ್ನ ಹೆಂಡತಿ, "ಅಕ್ಕನ ಬಗ್ಗೆ ಬರೀರಿ, ಭಾವನ್ನ ಬೈಯೋಕೆ ಬರೀಬೇಡಿ" ಅಂದಳು. ಇವೆರಡನ್ನೂ ಬೇರೆ ಬೇರೆ ಮಾಡುವುದು ನನಗೆ ಬರುವುದಿಲ್ಲ. ನಾನು ಗಾರೆ ಕೆಲಸದವನು. ಓದಿದ್ದು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಭಾವ ಅಂತ ಕರೆಯುವುದನ್ನೂ ಬಿಟ್ಟಿದ್ದೇನೆ. ಸೈಕಲ್ ಅಂಗಡಿಯವನು, ಅಷ್ಟೇ.

ಅಕ್ಕ ಊರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದಾಳೆ. ಬೆಳಕು ಹರಿಯುವ ಮೊದಲೇ ಹೋಗಿ ಮೋಟಾರು ಹಾಕಬೇಕು. ಇಲ್ಲದಿದ್ದರೆ ಊರಿನ ನಲ್ಲಿಗಳಲ್ಲಿ ಬರೀ ಬುಸ್ ಅಂತ ಗಾಳಿ. ಆ ಹೊತ್ತಿಗೆ ಬಸ್ಸಿಲ್ಲ. ದಿನಾ ಹೋಗುವುದು ಟಾರು ರಸ್ತೆಯಲ್ಲೇ, ಆದರೆ ಆಗೀಗ ವಾಲ್ವ್ ನೋಡಲು ಕಾಲುವೆ ಏರಿಯ ಜೇಡಿಮಣ್ಣಿನಲ್ಲಿ ಇಳಿಯಬೇಕು. ಚಳಿಗಾಲದಲ್ಲಿ ಟಾರಿನ ಮೇಲೆ ಇಬ್ಬನಿಯ ಗಾಜಿನಂಥ ಪದರ, ಏರಿಯ ಮೇಲೆ ಪಾಯಸದಂಥ ಕೆಸರು.

ಹೋದ ಚಳಿಗಾಲದಲ್ಲಿ ಅವಳ ಗಂಡ ಅವಳ ಹಳೇ ಸೈಕಲ್ಲಿಗೆ ಕಡ್ಡಿಯಂಥ ನುಣುಪು ಟೈರು ಹಾಕಿದ. ಅಂಗಡಿಯವನ ಹೆಂಡತಿ ಓಡಿಸುವ ಸೈಕಲ್ಲು ರೇಸಿನದರ ಹಾಗೆ ಕಾಣಬೇಕಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. "ಜಾರುತ್ತೆ ಕಣ್ರಿ" ಅಂದಳು ಅಕ್ಕ. "ನಿಂಗೇನ್ ಗೊತ್ತಾಗುತ್ತೆ, ಸುಮ್ನೆ ತುಳಿ" ಅಂದ ಅವನು.

ಅವರ ಮನೆ ಅಂಗಡಿಯ ಮೇಲೆ, ಅಂಗಡಿ ರಸ್ತೆಯ ತಿರುವಿನಲ್ಲಿ. ಆ ತಿರುವಿನಲ್ಲೇ ಜಾರಿದಳು. ಮಣಿಕಟ್ಟು ಮುರಿಯಿತು. ಸದ್ದು ಕೇಳಿ ಇವನು ಕೆಳಗೆ ಓಡಿ ಬಂದ. ಬಂದವನು ಮೊದಲು ಎತ್ತಿದ್ದು ಸೈಕಲ್ಲನ್ನು. ಗೀರು ಬಿದ್ದಿದೆಯಾ ಅಂತ ನೋಡಿ, ಗೋಡೆಗೆ ಒರಗಿಸಿ, ಆಮೇಲೆ ಅಕ್ಕನ ಕಡೆ ತಿರುಗಿದ. ಅವಳ ಕೈಗೆ ಪಟ್ಟಿ ಕಟ್ಟಿದ್ದಾಗಲೇ ಆ ಸೈಕಲ್ಲನ್ನು ಮಾರಿದ. ಕೇಳಿದ್ದಕ್ಕೆ, "ಕೈಲಾಗದವಳಿಗೆ ಸೈಕಲ್ ಯಾಕೆ?" ಅಂದ.

ಅಕ್ಕ ಅವತ್ತೇ ನಮ್ಮ ಮನೆಗೆ ಬಂದಳು. ನಾನು ಕರಣೆ ಎತ್ತಿಕೊಂಡು ಹೊರಟೆ, ಅಂಗಡಿ ಗಾಜು ಒಡೆಯುತ್ತೇನೆ ಅಂತ. ಎಡಗೈಯಲ್ಲಿ ನನ್ನ ಕಾಲರ್ ಹಿಡಿದು ಕೂರಿಸಿದಳು. "ಗಾಜು ಒಡೆದ್ರೆ ಹೊಸ ಗಾಜು ಹಾಕಿಸ್ತಾನೆ. ತಡ್ಕೋ."

ಬೇಸಿಗೆ, ಮಳೆಗಾಲ ಎರಡೂ ನಾನೇ ಅವಳನ್ನು ಮೋಟಾರ್‌ಬೈಕಿನಲ್ಲಿ ಬಿಟ್ಟು ಬಂದೆ. ಆಮೇಲೆ, ಮತ್ತೆ ಚಳಿ ಶುರುವಾಗುವ ಹೊತ್ತಿಗೆ, ನನಗೆ ದೂರದ ಊರಲ್ಲಿ ಕೆಲಸ ಬಿತ್ತು, ಅವಳನ್ನು ಬಿಟ್ಟು ಬರುವವರಿಲ್ಲ. ಪಂಪ್‌ಹೌಸಿನ ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿದ: "ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬರೋಕಾಗುತ್ತಾ ನೋಡಿಯಮ್ಮ. ಆಗದಿದ್ರೆ ಬೇರೆಯವರನ್ನ ಹಾಕ್ತೀನಿ." ಕೆಲಸ ಹೋದರೆ ಗಂಡನ ಬಾಗಿಲಿಗೆ ವಾಪಸ್ ಹೋಗಬೇಕು ಅಂತ ಊರೆಲ್ಲ ಕಾಯುತ್ತಿತ್ತು. ಅವನಂತೂ ಚಾಪೆ ಹಾಸಿಕೊಂಡೇ ಕಾಯುತ್ತಿದ್ದ.

ಭಾನುವಾರ ಅಕ್ಕ ಅಂದಳು, "ನಡಿಯೋ, ಸೈಕಲ್ ತರೋಣ. ಅವನ ಅಂಗಡಿಯಿಂದಲೇ. ನೀನು ಬಾಯಿ ಬಿಡಕೂಡದು."

ಅಂಗಡಿ ತುಂಬ ಗಿರಾಕಿಗಳಿದ್ದರು. ಜನ ಇದ್ದರೆ ಅವನ ನಾಲಿಗೆ ಒಂದು ಮೊಳ ಉದ್ದ. "ಓಹೋ! ಅಮ್ಮಾವ್ರು ಸವಾರಿ ಹೊರಟ್ರಾ? ಕೈ ಹಿಡಿತಾ ಇದೆಯಾ?" ಅಂದ. ನನ್ನ ಹಲ್ಲು ಕಟಕಟ ಅಂದವು.

"ಓಡಿಸಿ ನೋಡ್ಬೋದಾ?" ಅಕ್ಕ ಕೇಳಿದಳು.

"ನೀನು ಓಡಿಸ್ತೀಯಾ?" ಅಂತ ಗಿರಾಕಿಗಳ ಕಡೆ ಕಣ್ಣು ಹೊಡೆದ. "ಎಷ್ಟು ಬೇಕಾದ್ರೂ ಓಡಿಸು. ಈ ಅಂಗಡಿಯಲ್ಲಿ ನಿಂಗೆ ಹೊಂದೋದು ಯಾವುದಿದ್ರೂ ಕೊಡ್ತೀನಿ, ಇಲ್ಲ ಅನ್ನಲ್ಲ. ಎಲ್ಲರೂ ಕೇಳಿಸ್ಕೊಳ್ಳಿ!"

ಎಲ್ಲರೂ ಕೇಳಿಸಿಕೊಂಡರು.

ಅಂಗಡಿಯ ಹಿಂದೆ ಯಾರದೋ ಮನೆಗೆ ಪಾಯ ತೋಡಿದ್ದರು. ಗುಂಡಿಯ ಸುತ್ತ ಏರಿಯ ಮೇಲಿನಂಥದೇ ಜೇಡಿಮಣ್ಣು. ಅಕ್ಕ ಮೊದಲನೇ ಸೈಕಲ್ ಹತ್ತಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಸೀದಾ ಆ ಕೆಸರಿಗೆ ನುಗ್ಗಿಸಿದಳು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ. ಮಣ್ಣು ಗಾರೆಯ ಹಾಗೆ ಮೆತ್ತಿ ಚಕ್ರವೇ ನಿಂತಿತು. ತಳ್ಳಿಕೊಂಡು ಬಂದು ಅವನ ಬಿಳಿ ನೆಲದ ಮೇಲೆ ನಿಲ್ಲಿಸಿದಳು. "ಇದಾಗಲ್ಲ. ಇನ್ನೊಂದು."

ಇನ್ನೊಂದಕ್ಕೆ ಮಡ್‌ಗಾರ್ಡ್ ಕೂರಿಸುವ ತೂತೇ ಇರಲಿಲ್ಲ. ಬೆನ್ನೆಲ್ಲ ಕೆಸರು ಎರಚಿಕೊಂಡು ಬಂದಳು. ಆಮೇಲಿನದು ಎಮ್ಮೆಯಂಥ ದಪ್ಪ ಟೈರಿನದು. ಮಣ್ಣಿನಲ್ಲಿ ರಾಜನ ಹಾಗೆ ಹೋಯಿತು, ಟಾರಿಗೆ ಬಂದದ್ದೇ ಏದುಸಿರು. "ದಿನಾ ತುಳಿಯೋದು ರಸ್ತೆಯಲ್ಲಿ ತಾನೇ? ಇದೂ ಆಗಲ್ಲ." ಹೀಗೆ ಫಳಫಳ ಹೊಳೆಯುತ್ತಿದ್ದ ಹೊಸ ಸೈಕಲ್ಲುಗಳೆಲ್ಲ ಗದ್ದೆಯಿಂದ ಎದ್ದು ಬಂದ ಕೋಣಗಳಾದವು. ಕೊಳ್ಳಲು ಬಂದವರು ಕೊಳ್ಳುವುದು ಬಿಟ್ಟು ನಗುತ್ತ ನಿಂತರು. ಅವನು ಬಟ್ಟೆ ಹಿಡಿದು ಮಂಡಿಯೂರಿ ಒರೆಸುತ್ತಿದ್ದ. ಆಹಾ! ಆ ಮಂಡಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಮುಗೀತಲ್ಲ? ನಿಂಗೆ ಯಾವುದೂ ಹೊಂದಲ್ಲ" ಅಂದ ಕೂತಲ್ಲಿಂದಲೇ.

"ಅದೊಂದು ಉಳೀತು."

ಗಲ್ಲಾದ ಹಿಂದೆ ಗೋಡೆಗೆ ಒರಗಿತ್ತು, ಅವನ ಸ್ವಂತದ್ದು. ಅಕ್ಕ ಹೋಗಿ ಟೈರಿನ ಮೇಲಿನ ಸಂದಿಗೆ ಬೆರಳಿಟ್ಟಳು. ಎರಡು ಬೆರಳು ಸಲೀಸಾಗಿ ಹೋದವು. ಟೈರು ಅತ್ತ ಕಡ್ಡಿಯೂ ಅಲ್ಲ ಇತ್ತ ಎಮ್ಮೆಯೂ ಅಲ್ಲ, ಅಂಚಿನಲ್ಲಿ ಒಳ್ಳೇ ಹಲ್ಲು. ಒದ್ದೆಯಲ್ಲೂ ಕಚ್ಚಿ ಹಿಡಿಯುವ ಡಿಸ್ಕ್ ಬ್ರೇಕು. ಉದ್ದನೆಯ ಮಡ್‌ಗಾರ್ಡು. ಅಕ್ಕ ಅವನ ಕಡೆ ತಿರುಗಿದಳು.

"ಇದನ್ನ ಯಾವಾಗ ಜೋಡಿಸಿ ಕಟ್ಕೊಂಡ್ರಿ?"

ಅವನು ಮತ್ತೆ ಒರೆಸತೊಡಗಿದ. ಮೂಲೆಯಲ್ಲಿ ಕೂತಿದ್ದ ಪಂಕ್ಚರ್ ಹಾಕುವ ಮುದುಕ ಬಾಯಿ ಬಿಟ್ಟ. "ಹೋದ ಚಳಿಗಾಲಕ್ಕೆ ಮುಂಚೇನೇ ಅಲ್ವಾ ಯಜಮಾನ್ರೇ?"

ಅಂದರೆ ಗೊತ್ತಿತ್ತು! ಚಳಿಗಾಲಕ್ಕೆ ಎಂಥದ್ದು ಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ತನಗೆ ಇದನ್ನು ಕಟ್ಟಿಕೊಂಡ, ಕಟ್ಟಿಕೊಂಡವಳಿಗೆ ಆ ನುಣುಪು ಟೈರು ಹಾಕಿಕೊಟ್ಟ. ನಾನು ಕೈ ಎತ್ತಿಯೇ ಬಿಟ್ಟಿದ್ದೆ. ಅಕ್ಕ ತಿರುಗಿ ನೋಡಿದಳು, ಇಳಿಸಿದೆ.

ಅಕ್ಕ ಓಡಿಸಿ ಬಂದಳು. ರಸ್ತೆಯಲ್ಲಿ ಬೆಣ್ಣೆ, ಕೆಸರಿನಲ್ಲಿ ಎತ್ತು. ಎಲ್ಲೂ ನಿಲ್ಲಲಿಲ್ಲ. "ಇದು ಹೊಂದುತ್ತೆ. ಬೆಲೆ ಹೇಳಿ."

"ಅದು ಮಾರೋದಲ್ಲ ಕಣೇ..."

"ಎಲ್ಲರೂ ಕೇಳಿಸ್ಕೊಳ್ಳಿ ಅಂದಿದ್ದು ಯಾರು?"

ಗಿರಾಕಿಗಳೆಲ್ಲ ಅವನ ಮುಖವನ್ನೇ ನೋಡಿದರು. ಇಂಗು ತಿಂದ ಮಂಗನ ಹಾಗಾಗಿತ್ತು. ಗೊಣಗುತ್ತ ಬೆಲೆ ಹೇಳಿದ, ಅಕ್ಕ ಚೌಕಾಸಿ ಮಾಡದೆ ಕೊಟ್ಟಳು. ಸೀಟು ತಗ್ಗಿಸಲು ಅವನಿಗೇ ಹೇಳಿದಳು. ಮತ್ತೊಮ್ಮೆ ಮಂಡಿ.

ಸೋಮವಾರದಿಂದ ಇವತ್ತಿನವರೆಗೂ ಅವಳು ಒಂದು ದಿನವೂ ತಡ ಮಾಡಿಲ್ಲ. ಕತ್ತಲೆಯಲ್ಲಿ ಆ ತಿರುವಿಗೆ ಬರುತ್ತಿದ್ದ ಹಾಗೇ, ಅವನು ಮಲಗುವ ಕೋಣೆಯ ಕಿಟಕಿಯ ಕೆಳಗೆ, ಅವನೇ ಹಾಕಿಕೊಂಡಿದ್ದ ದೊಡ್ಡ ಹಿತ್ತಾಳೆ ಬೆಲ್ಲನ್ನು ಟ್ರಿಣ್ ಟ್ರಿಣ್ ಟ್ರಿಣ್ ಅನ್ನಿಸುತ್ತಾಳೆ. ನಿದ್ದೆಗೆಟ್ಟು ಅವನ ಕಣ್ಣು ಕೆಂಪಾಗಿದೆಯಂತೆ. ಬಂದು ನನ್ನ ಹತ್ತಿರವೇ ದೂರು ಹೇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ.

ಅವಳು ಚೈನಿಗೆ ಎಣ್ಣೆ ಬಿಡುತ್ತಿದ್ದಳು. ತಲೆಯೆತ್ತಲಿಲ್ಲ.

"ತಿರುವಲ್ಲಿ ಬೆಲ್ ಹೊಡೀಬೇಕು ಕಣೋ. ಬಿದ್ದವಳಿಗೆ ಗೊತ್ತಿರುತ್ತೆ."