ಗಿರಿಯ ಹುಲ್ಲಿಗೆ ಇಟ್ಟ ಕಡ್ಡಿ

ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದ ನಾನು ಒಬ್ಬ ವಿದ್ಯಾರ್ಥಿಯ ಮೇಲೂ ಕೈ ಮಾಡಿದವನಲ್ಲ. ಹೀಗೆ ಉಳಿತಾಯವಾದ ಏಟುಗಳನ್ನೆಲ್ಲ ಸೇರಿಸಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಹೆಂಡತಿಯ ತಮ್ಮನ ಎಡಗೆನ್ನೆಗೆ ಒಂದೇ ಕಂತಿನಲ್ಲಿ ಅರ್ಪಿಸಿದೆ. ನಡೆದದ್ದು ಗಿರಿಯ ನೆತ್ತಿಯ ಮೇಲೆ. ಬೇಲೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಮೊದಲ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಹತ್ತಿ ಮುಗಿಸಬಹುದಾದ ಜಾಗ.

ಆ ಎತ್ತರದ ಗಿಡಮರಗಳನ್ನು ಸಾಧುಗಳೆಂದು ಯಾರೂ ತಿಳಿಯಬಾರದು. ಅಲ್ಲಿ ಗಾಳಿ ಬೀಸುವುದಿಲ್ಲ, ಹೊಡೆಯುತ್ತದೆ. ತಲೆಯೆತ್ತಿದ ಕೊಂಬೆಯನ್ನು ಮುರಿದು ಎಸೆಯುತ್ತದೆ. ಅದಕ್ಕೇ ಮರಗಳು ಕಣಿವೆಯ ಮಡಿಕೆಗಳಲ್ಲಿ ಕುಳ್ಳಾಗಿ, ಗೂನಾಗಿ, ಮೈತುಂಬ ಒದ್ದೆ ಪಾಚಿ ಹೊದ್ದು, ಏಟು ತಿಂದ ಜಟ್ಟಿಗಳಂತೆ ಒಂದರ ಮೈಗೊಂದು ಒತ್ತಿ ನಿಂತಿರುತ್ತವೆ. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಹೊರಗಿನ ಇಳಿಜಾರೆಲ್ಲ ಹುಲ್ಲು. ಅದು ಜೀವವನ್ನು ಮಣ್ಣೊಳಗೆ ಬಚ್ಚಿಟ್ಟು ಎಲೆಯನ್ನಷ್ಟೇ ಹೊರಗೆ ಬಿಡುವ ಕಿಲಾಡಿ. ಕಾಡಿಗೂ ಹುಲ್ಲಿಗೂ ನಡುವೆ ಮೊಣಕಾಲೆತ್ತರದ ಕುರಿಂಜಿ ಗಿಡಗಳು. ಹನ್ನೆರಡು ವರ್ಷ ಸುಮ್ಮನಿದ್ದು, ಒಮ್ಮೆ ನೀಲಿಯಾಗಿ ಅರಳಿ, ಬೀಜ ಉದುರಿಸಿ ಸಾಯುತ್ತವೆ.

ಹಿಂದಿನ ಸಲ ಅರಳಿದ್ದನ್ನು ಕಂಡು ನಾನು ಗುರುತಿಟ್ಟುಕೊಂಡಿದ್ದ ಒಂದು ಮಗ್ಗುಲು ಆ ವರ್ಷದ ಮಳೆಗಾಲ ಮುಗಿಯುವಾಗ ಮತ್ತೆ ಅರಳಬೇಕಿತ್ತು. ಅದರ ಮುಂದಿನ ಸಲಕ್ಕೆ ನನಗೆ ಎಂಬತ್ತು. ಅಷ್ಟು ಹೊತ್ತಿಗೆ ನಾನು ಇದ್ದರೂ ನನ್ನ ಮಂಡಿಗಳು ಇರುವುದಿಲ್ಲವೆಂದು ಅವೇ ತಿಳಿಸಿದ್ದವು. ಹಾಗಾಗಿ ಇದೇ ನನ್ನ ಕೊನೆಯ ಹೂವು. ಬೇಸಿಗೆಯಲ್ಲಿ ಗಿಡಗಳ ಯೋಗಕ್ಷೇಮ ವಿಚಾರಿಸಲು ಹೊರಟೆ. ಒಬ್ಬರೇ ಹೋಗಕೂಡದೆಂದು ಹೆಂಡತಿ ಗಂಡಸಿ ಊರಿನ ಕಡೆಯ ತನ್ನ ತಮ್ಮನನ್ನು ಜೊತೆಗೆ ಹಾಕಿದಳು. ತೆಂಗಿನ ತೋಟ, ನಾಲ್ಕು ಎಮ್ಮೆ ಇಟ್ಟುಕೊಂಡ ಐವತ್ತೆಂಟರ ಗಟ್ಟಿ ಆಳು.

"ಹನ್ನೆರಡು ವರ್ಷಕ್ಕೊಂದು ಹೂವಾ ಭಾವ? ನಮ್ಮ ಎಮ್ಮೆ ಹತ್ತು ತಿಂಗಳಿಗೇ ಈಯ್ತದೆ" ಎಂದ ದಾರಿಯಲ್ಲಿ.

"ನೀನು ಎಮ್ಮೆಯನ್ನೇ ನೋಡ್ಕೊಂಡಿರು ಕಣಯ್ಯ."

ಅವನ ಊರಿನ ಹಿಂದೊಂದು ಗುಡ್ಡವಿದೆ. ಬೇಸಿಗೆಯಲ್ಲಿ ಅದರ ಒಣಹುಲ್ಲಿಗೆ ಬೆಂಕಿ ಇಡುವುದು ಅವರ ಪದ್ಧತಿ. ಬೆಂಕಿ ಬುಡದಿಂದ ಹತ್ತಿ, ನೆತ್ತಿಯ ಬಂಡೆ ಮುಟ್ಟಿ ಆರುತ್ತದೆ. ಮಳೆ ಬಿದ್ದರೆ ಎಳೆ ಹುಲ್ಲು. ಇಟ್ಟವನಿಗೆ ದನ ಮೇಯಿಸಿದ ಪುಣ್ಯ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಹುಲ್ಲಿನ ನಡುವೆ ಬಿಟ್ಟು ಬಂಡೆಯ ಮರೆಗೆ ಮೂತ್ರಕ್ಕೆ ಹೋದೆ.

ವಾಪಸು ಬಂದಾಗ ಅವನು ಚಪ್ಪಲಿ ಬಿಟ್ಟು, ಪೂರ್ವಕ್ಕೆ ತಿರುಗಿ, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಕಾಲ ಬಳಿ ಹೊಗೆ.

"ಹುಲ್ಲು ಮುದಿಯಾಗಿತ್ತು ಭಾವ. ಯಾರ ದನಾನೋ, ಮೇಯ್ಲಿ ಅಂತ."

ಬೆಂಕಿ ಮೇಲಕ್ಕೆ ಹೋಗಬೇಕಾದದ್ದು ಅವನ ಗುಡ್ಡದ ಶಾಸ್ತ್ರ. ಗಿರಿಯ ಗಾಳಿಗೆ ಆ ಶಾಸ್ತ್ರ ಗೊತ್ತಿರಲಿಲ್ಲ. ಅದು ಜ್ವಾಲೆಯ ಜುಟ್ಟು ಹಿಡಿದು ಕೆಳಗೆ, ನಮ್ಮ ಕಡೆಗೆ ಬೀಸಿ ಒಗೆಯಿತು. ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಬೆನ್ನಿಗೆ ಬೆಂಕಿ ಹತ್ತಿದ ಮೊಲವೊಂದು ಹೊರಗೆ ಹಾರಿ, ಇನ್ನೊಂದು ಹುಲ್ಲಿನ ಪೊದೆಗೆ ನುಗ್ಗಿ, ಅದನ್ನೂ ಹೊತ್ತಿಸಿ, ಅಲ್ಲೇ ಕೆಡೆಯಿತು. ನಾವು ಉರುಳುತ್ತ, ಎಡವುತ್ತ ಶೋಲಾ ಕಾಡಿನ ಅಂಚಿಗೆ ಬಂದು ಬಿದ್ದೆವು. ಹಿಂದೆಯೇ ಬೆಂಕಿ ನನ್ನ ಕುರಿಂಜಿಗೆ ಬಾಯಿ ಹಾಕಿತು. ಹಸಿ ಗಿಡಗಳು ಚಟಪಟನೆ ಸಿಡಿಯುತ್ತ ಒಂದೊಂದೇ ಸಾಲು ಕಪ್ಪಾದವು.

ಅರ್ಧ ಶತಮಾನ ಗಾಳಿಯ ಏಟು ತಾಳಿಕೊಂಡಿದ್ದ ಮರದ ಕೊಂಬೆಗೆ ನಾನೇ ಮೊದಲು ಕೈ ಹಾಕಿದೆ. ಬರಲಿಲ್ಲ. ತೆಂಗಿನ ಗರಿ ಎಳೆದು ಪಳಗಿದ ಭಾವಮೈದನ ಕೈಗೆ ತೊಗಟೆ ಸಮೇತ ಕಿತ್ತು ಬಂತು. ಒದ್ದೆ ಪಾಚಿಯ ಆ ಕೊಂಬೆಗಳಿಂದ ಇಬ್ಬರೂ ಬೆಂಕಿಯನ್ನು ಹಾವು ಬಡಿದಂತೆ ಬಡಿದೆವು. ಅವನ ಹುಬ್ಬು ಸುಟ್ಟುಹೋಯಿತು, ಅಂಗೈ ಸುಲಿದು ರಕ್ತ ಬಂತು, ಬಡಿಯುವುದನ್ನು ಬಿಡಲಿಲ್ಲ. ಕೊನೆಗೆ ಕಾಡಿನ ತೇವಕ್ಕೆ ಬಂದು ಬೆಂಕಿ ಸೋತಿತು. ಉಳಿದದ್ದು ಎರಡು ಚಾಪೆ ಹಾಸುವಷ್ಟು ಕುರಿಂಜಿ.

ಅಷ್ಟಾದ ಮೇಲೆ, ಉಸಿರು ಸರಿಯಾಗುವವರೆಗೆ ಕಾದು, ಕೆನ್ನೆಗೆ ಹೊಡೆದೆ.

ಅವನು ಕೆನ್ನೆಯ ಮಸಿ ಒರೆಸಿಕೊಂಡ. "ಬೇಕಾದ್ರೆ ಇನ್ನೊಂದು ಹಾಕಿ ಭಾವ. ಅಕ್ಕನಿಗೆ ಹೇಳ್ಬೇಡಿ."

ಮಳೆಗಾಲ ಮುಗಿಯುತ್ತ ಬಂದಾಗ, ಕರೆಯದಿದ್ದರೂ, ಅವನೇ ಬೇಲೂರಿಗೆ ಬಂದು ನನ್ನ ಕೈಚೀಲ ಹೊತ್ತು ಮುಂದೆ ನಡೆದ. ಸುಟ್ಟ ಇಳಿಜಾರು ತುಂಬ ಎಳೆ ಹುಲ್ಲು. "ಹುಲ್ಲು ಮಾತ್ರ ಚೆನ್ನಾಗಿ ಬಂದೈತೆ" ಎಂದು ಮೆಲ್ಲಗೆ ಹೇಳಿ ನನ್ನ ಕೈಗೆಟುಕದಷ್ಟು ದೂರ ಸರಿದ. ಕಾಡಿನ ಅಂಚಿನಲ್ಲಿ ಎರಡು ಚಾಪೆಯಷ್ಟು ನೀಲಿ. ಅವನು ಈ ಸಲವೂ ಚಪ್ಪಲಿ ಬಿಟ್ಟ. ಬಹಳ ಹೊತ್ತು ನೋಡಿದ.

"ಇಷ್ಟಕ್ಕಾ ಭಾವ ಹೊಡೆದಿದ್ದು?"

"ಇಷ್ಟು ಉಳಿಸಿದ್ದಕ್ಕೆ ಒಂದೇ ಹೊಡೆದೆ."

ಆಗ ಮೇಲಿನಿಂದ ಇಳಿದು ಬಂದ ಪ್ರವಾಸಿಯೊಬ್ಬ ಒಂದು ಕೈಯಲ್ಲಿ ಮೊಬೈಲು ಎತ್ತಿ, ಇನ್ನೊಂದರಲ್ಲಿ ಹೂವಿನ ಗೊಂಚಲನ್ನು ಹಿಡಿದು ಎಳೆದ. ಭಾವಮೈದನ ಕೈ ಮೇಲೆದ್ದಿತು. ನಾನು ಹಿಡಿದುಕೊಂಡೆ, ಸ್ವಲ್ಪ ತಡವಾಗಿ.