ದೊಡ್ಡವ್ವ ಯಾರಿಗೆ ದಾರಿ ತೋರಿಸಿದಳು

ಗೂಢಚಾರಿ ಸಿನಿಮಾ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು. ಸರಗೂರಿನಲ್ಲಿ ನನ್ನದೊಂದು ಮೋಟಾರು ರೀವೈಂಡಿಂಗ್ ಅಂಗಡಿ ಇದೆ. ದಿನವೆಲ್ಲ ಸುಟ್ಟ ಪಂಪ್‌ಸೆಟ್ಟು ಬಿಚ್ಚಿ ತಾಮ್ರದ ತಂತಿ ಸುತ್ತುವವನಿಗೆ, ಯಾವುದೋ ದೇಶದ ಐವತ್ತನೇ ಮಹಡಿಯಿಂದ ಜಿಗಿದು ಕೋಟು ಕೊಡವಿಕೊಂಡು ನಡೆಯುವ ನಾಯಕನನ್ನು ನೋಡಿದರೆ ಮೈ ಹಗುರಾಗುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಾಗಾಗಿ ಅಂಥದ್ದೊಂದು ದೊಡ್ಡ ಚಿತ್ರದ ಶೂಟಿಂಗು ನಮ್ಮೂರಿಗೇ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವನು ನಾನೇ.

ನಮ್ಮೂರು ಸರಗೂರಿಗೆ ಹತ್ತಿರ, ಕಬಿನಿ ಹಿನ್ನೀರಿನ ಅಂಚಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಣ್ಣು ಹರಿದಷ್ಟೂ ಬರೀ ಬಯಲು. ಆ ಬಯಲಲ್ಲಿ ಅವರು ಒಂದು ಹಳ್ಳಿ ಕಟ್ಟಿದರು. ಮುಂದೆ ಮಣ್ಣಿನ ಗೋಡೆ, ಹಿಂದೆ ಏನೂ ಇಲ್ಲ. ಯಾವುದೋ ಶತ್ರು ದೇಶದ ಗಡಿಯ ಊರಂತೆ. ಅಲ್ಲಿ ಓಡಾಡಲು ಜನ ಬೇಕಿತ್ತು. ಜನರನ್ನು ಒದಗಿಸಲು ಮೈಸೂರಿನಿಂದ ಬಂದಿದ್ದ ಏಜೆಂಟನಿಗೆ ನಮ್ಮ ಬೀದಿಯನ್ನು ತೋರಿಸಿಕೊಟ್ಟವನೂ ನಾನೇ. ಅವನು ಹತ್ತಾರು ಮುಖ ನೋಡಿ ದೊಡ್ಡವ್ವನ ಮುಂದೆ ನಿಂತ. ಇಂಥ ಮುಖವೇ ನಮ್ಮ ಡೈರೆಕ್ಟರಿಗೆ ಬೇಕಾಗಿರುವುದು ಅಂದ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಊರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಾತು ಕಡಿಮೆ. ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರ ಜಗಲಿಗೆ ಒಯ್ಯದವಳು ಅಂತ ಊರಿಗೆಲ್ಲ ಗೊತ್ತು. ಹೆಂಗಸರು ಗುಟ್ಟು ಹೇಳಿಕೊಳ್ಳಬೇಕಾದರೆ ಅವಳ ಒಲೆಯ ಮುಂದೆ ಬಂದು ಕೂರುತ್ತಿದ್ದರು. ಶಾಲೆಗೆ ರಜೆಯಿದ್ದುದರಿಂದ ಅವಳು ಒಪ್ಪಿದಳು. ಅದಕ್ಕಿಂತ ಹೆಚ್ಚಾಗಿ ನನ್ನ ಕಾಟ ತಡೆಯಲಾರದೆ ಒಪ್ಪಿದಳು.

ಅವಳಿಗೆ ಬೂದು ಬಣ್ಣದ ನಿಲುವಂಗಿ ತೊಡಿಸಿ, ತಲೆಗೆ ಬಟ್ಟೆ ಸುತ್ತಿ, ಬೆಳಗಿನಿಂದ ಬಿಸಿಲಲ್ಲಿ ಕೂರಿಸಿದರು. ಮಧ್ಯಾಹ್ನದ ಮೇಲೆ ಕ್ಯಾಮೆರಾ ಅವಳ ಕಡೆ ತಿರುಗಿತು. ಎದುರಿಗೆ ಯಾವ ನಟನೂ ಇರಲಿಲ್ಲ. ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟು, ಅದನ್ನೇ ನೋಡಬೇಕು, ಆಮೇಲೆ ಕೈಯೆತ್ತಿ ಅವರು ಕಟ್ಟಿದ್ದ ಕೊಟ್ಟಿಗೆಯ ಕಡೆ ಬೆರಳು ತೋರಿಸಬೇಕು ಎಂದರು. ಕೇಳುತ್ತಿರುವವರು ಯಾರು ಎಂದು ದೊಡ್ಡವ್ವ ವಿಚಾರಿಸಿದಳು. ಯಾರೋ ದಾರಿ ತಪ್ಪಿದವನು ಕೇಳುತ್ತಾನೆ, ನೀವು ತೋರಿಸುತ್ತೀರಿ, ಅಷ್ಟೇ ಎಂದು ಏಜೆಂಟ್ ಹೇಳಿದ. ದಾರಿ ತಪ್ಪಿದವನಿಗೆ ಹೇಗೆ ತೋರಿಸಬೇಕೋ ಹಾಗೆ, ಕಣ್ಣಲ್ಲಿ ಕನಿಕರ ಇಟ್ಟುಕೊಂಡು, ಮೂರು ಸಲ ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುವರ್ಷ ಚಿತ್ರ ಬಿಡುಗಡೆಯಾಯಿತು. ಮನೆಯವರು, ಅಕ್ಕಪಕ್ಕದವರು ಎಲ್ಲ ಸೇರಿ ಬಸ್ಸು ಹತ್ತಿ ಹುಣಸೂರಿಗೆ ಮ್ಯಾಟಿನಿಗೆ ಹೋದೆವು. ದೊಡ್ಡವ್ವ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಸುಳ್ಳು ಯಾಕೆ ಹೇಳಲಿ, ಚಿತ್ರ ಬಲು ಚೆನ್ನಾಗಿತ್ತು. ರೈಲಿನ ಮೇಲೆ ಹೊಡೆದಾಟ, ಸಮುದ್ರದ ಮಧ್ಯೆ ಉರಿಯುವ ಹಡಗು, ಎದೆಗೇ ಗುದ್ದುವ ಸದ್ದು. ನಾಯಕನಿಗೊಬ್ಬ ಗೆಳೆಯ, ಸಾಯುವ ಹೊತ್ತಲ್ಲೂ ತಮಾಷೆ ಮಾಡುವವನು. ಇಂಟರ್‌ವೆಲ್ ಆಗುವಷ್ಟರಲ್ಲಿ ಇಡೀ ಥಿಯೇಟರು ಅವನನ್ನು ಮನೆಮಗ ಮಾಡಿಕೊಂಡಿತ್ತು. ದೊಡ್ಡವ್ವನೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ಇಂಟರ್‌ವೆಲ್ ಆದಮೇಲೆ ಆ ಗೆಳೆಯನಿಗೆ ಗುಂಡು ತಗಲುತ್ತದೆ. ಅವನು ತೆವಳಿಕೊಂಡು ಬಂದು ಒಂದು ಕೊಟ್ಟಿಗೆಯಲ್ಲಿ ಅಡಗುತ್ತಾನೆ. ಜೀಪುಗಳಲ್ಲಿ ಶತ್ರುಗಳು ಬಂದಿಳಿಯುತ್ತಾರೆ. ಅವರ ಮುಖಂಡ ಒಬ್ಬ ಮುದುಕಿಯ ಮುಂದೆ ನಿಂತು, ಅವನೆಲ್ಲಿ ಎಂದು ಕೇಳುತ್ತಾನೆ. ಪರದೆಯ ತುಂಬ ದೊಡ್ಡವ್ವನ ಮುಖ. ನಮ್ಮವರು ಕೂಗಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಅವಳ ಕೈ ನಿಧಾನವಾಗಿ ಮೇಲೆದ್ದು ಕೊಟ್ಟಿಗೆಯ ಕಡೆ ಬೆರಳು ಮಾಡಿತು. ಅವನನ್ನು ಎಳೆದು ತಂದು ಗುಂಡು ಹೊಡೆದರು.

ಆಗ ನನಗೆ ಬಂದದ್ದು ಅವಳ ಮೇಲಿನ ಸಿಟ್ಟು. ಪಕ್ಕದಲ್ಲಿ ಕೂತಿದ್ದ, ನನ್ನನ್ನು ಎತ್ತಿ ಆಡಿಸಿದ್ದ ದೊಡ್ಡವ್ವನನ್ನು ಮರೆತು, ಪರದೆಯ ಮೇಲಿದ್ದವಳನ್ನು ಮನಸ್ಸಿನಲ್ಲೇ ಬೈದೆ. ಒಂದು ಕ್ಷಣ ಅಷ್ಟೇ. ಆದರೆ ಬೈದೆ. ಇದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.

ಹಿಂದಿನ ಸಾಲಿನವನೊಬ್ಬ ಆ ಮುದುಕಿಯನ್ನು ಸುಟ್ಟುಹಾಕಿ ಎಂದು ಕೂಗಿದ. ಸುತ್ತ ಇದ್ದವರು ಶಿಳ್ಳೆ ಹೊಡೆದರು. ದೊಡ್ಡವ್ವ ನನ್ನ ತೋಳು ಹಿಡಿದಳು.

"ನಾನಾ ಮಗ ಅವನ್ನ ಇಡ್ಕೊಟ್ಟಿದ್ದು?"

ನಾನೆದ್ದು ಹಿಂದಿನವನ ಕೊರಳಪಟ್ಟಿ ಹಿಡಿದೆ. ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ, ಪಾಪ. ಪರದೆ ಕಾಣುತ್ತಿಲ್ಲ, ಕೂತ್ಕೊಳ್ಳಿ ಎಂದು ಜನ ಗದರಿದರು. ದೊಡ್ಡವ್ವನೇ ನನ್ನನ್ನು ಎಳೆದು ಕೂರಿಸಿದಳು. ಕೊನೆಯಲ್ಲಿ ನಾಯಕ ಆ ಊರಿಗೇ ಬೆಂಕಿ ಇಟ್ಟಾಗ ನಮ್ಮ ಜೊತೆ ಬಂದಿದ್ದವರಲ್ಲೇ ಇಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮ್ಮೂರೇ ಉರಿಯುತ್ತಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಊರಲ್ಲಿ ಅವಳಿಗೆ 'ಬೆರಳವ್ವ' ಎಂದು ಹೆಸರು ಬಿತ್ತು. ಬೆರಳು ಎತ್ತುವ ಆ ತುಣುಕು ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಡೈರಿಗೆ ಹಾಲು ಹಾಕಲು ಹೋದರೆ, ಗುಟ್ಟು ಮಾತಾಡಬೇಡಿ, ಬೆರಳವ್ವ ಬಂದಳು ಎಂದು ನಗುತ್ತಿದ್ದರು. ಅವರಿಗೆ ತಮಾಷೆ. ಒಲೆಯ ಮುಂದೆ ಬಂದು ಕೂರುವ ಹೆಂಗಸರು ಕಡಿಮೆಯಾದರು. ಬೇಕೆಂದೇ ಬಿಟ್ಟರೋ, ಅವಳೇ ಮುಖ ಕೊಡದೆ ಹೋದಳೋ ತಿಳಿಯದು. ಡೈರಿಗೆ ಸೊಸೆಯನ್ನು ಕಳಿಸತೊಡಗಿದಳು. ಗೆಳೆಯನೊಬ್ಬ ನನ್ನ ಅಂಗಡಿಗೇ ಬಂದು ಬೆರಳವ್ವ ಹೇಗಿದ್ದಾಳೆ ಅಂದಾಗ, ಅವನ ಮೋಟಾರನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಚೀಲಕ್ಕೆ ತುಂಬಿ ಅವನ ಕಾಲ ಬುಡದಲ್ಲಿಟ್ಟೆ. ಅವನು ಇವತ್ತಿಗೂ ಬೇರೆ ಅಂಗಡಿಗೆ ಹೋಗುತ್ತಾನೆ.

ಏಜೆಂಟನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಕಳೆದ ಬೇಸಿಗೆಗೆ ಮುಂಚೆ, ಇನ್ನೊಂದು ಚಿತ್ರಕ್ಕೆ ಜನ ಬೇಕೆಂದು ಅವನೇ ಟೆಂಪೋ ತಂದು ಊರಬಾಗಿಲಲ್ಲಿ ನಿಂತಿದ್ದಾನೆ ಎಂದು ಸುದ್ದಿ ಬಂತು. ಅಂಗಡಿ ಹಾಗೇ ಬಿಟ್ಟು ಬೈಕು ಹತ್ತಿದೆ. ಯಾಕೆ ಮೋಸ ಮಾಡಿದೆ ಎಂದು ಕೇಳಿದರೆ ಅವನು ನಕ್ಕ. ಕಥೆ ತನಗೂ ಗೊತ್ತಿರಲಿಲ್ಲವಂತೆ, ತಾನೂ ಥಿಯೇಟರಿನಲ್ಲೇ ನೋಡಿದ್ದಂತೆ.

"ಅಷ್ಟ್ ದೊಡ್ಡ ಪಿಕ್ಚರ್ ಕಣ್ರೀ. ಮುಖ ಬಂದಿದ್ದೇ ಪುಣ್ಯ ಅನ್ಕೊಳಿ."

ನನ್ನ ಕೈ ಎದ್ದಿತ್ತು. ಅಷ್ಟರಲ್ಲಿ ಯಾರೋ ಹೋಗಿ ಹೇಳಿದ್ದರಿಂದ ದೊಡ್ಡವ್ವ ಶಾಲೆಯಿಂದ ಬಂದಳು. ಬೇಳೆ ತೊಳೆಯುತ್ತಿದ್ದ ಕೈ ಇನ್ನೂ ಒದ್ದೆಯಾಗಿತ್ತು. ನನ್ನನ್ನು ಪಕ್ಕಕ್ಕೆ ಸರಿಸಿ ಅವನ ಎದುರು ನಿಂತಳು.

"ನಾನು ದಾರಿ ತೆಪ್ಪಿದವನಿಗೆ ತೋರ್ಸಿದ್ದು. ನೀವು ಕೊಲ್ಲೋನಿಗೆ ತೋರ್ಸಿದ್ಲು ಅಂತ ಮಾಡ್ಬುಟ್ರಿ. ಕೊಲ್ಲೋನು ಅಂತ ಅವತ್ತೇ ಏಳಿದ್ರೆ ನಾನು ಕೈ ಎತ್ತುತ್ತಿರ್ಲಿಲ್ಲ. ಅದ್ಕೇ ನೀವು ಏಳ್ಲಿಲ್ಲ."

ಅವನು ಮೊಬೈಲು ತೆಗೆದು ನೋಡತೊಡಗಿದ. ದೊಡ್ಡವ್ವ ಶಾಲೆಗೆ ಹೊರಟಳು, ಮಕ್ಕಳ ಊಟದ ಹೊತ್ತಾಗಿತ್ತು. ಅವಳು ತಿರುಗಿದ್ದೇ ತಡ, ಸುತ್ತ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಜನ ಒಬ್ಬೊಬ್ಬರಾಗಿ ಟೆಂಪೋ ಹತ್ತಿದರು. ಡೈರಿಯಲ್ಲಿ ನಗುತ್ತಿದ್ದವರೆಲ್ಲ ಅದರಲ್ಲಿದ್ದರು. ಒಬ್ಬ ಹೆಂಗಸು ಮಾತ್ರ, ನಾವು ಏನು ಮಾಡಬೇಕು ಎಂದು ಕೇಳಿದಳು. ಸುಮ್ಮನೆ ನಿಲ್ಲುವುದು ಅಷ್ಟೇ ಎಂದು ಏಜೆಂಟ್ ಹೇಳಿದ. ಅವಳೂ ಹತ್ತಿದಳು. ಆ ಟೆಂಪೋದ ಹಿಂಬದಿಗೆ ಕಲ್ಲು ಬೀರಬೇಕು ಅನ್ನಿಸಿತು. ಬೀರಲಿಲ್ಲ.

ದೊಡ್ಡವ್ವ ಮಾರನೇ ದಿನದಿಂದ ತಾನೇ ಡೈರಿಗೆ ಹೋಗತೊಡಗಿದಳು. ಅಲ್ಲಿ ಯಾರು ಏನಂದರೋ, ಅವಳು ಬಂದು ಹೇಳುವವಳಲ್ಲ.

ಮೊನ್ನೆ ಆ ಚಿತ್ರದ ಎರಡನೇ ಭಾಗ ಬರುತ್ತಿದೆ, ಮೊದಲ ದಿನವೇ ಹೋಗೋಣ ಎಂದು ಪಕ್ಕದ ಅಂಗಡಿಯವನು ಕರೆದ. ಬರಲ್ಲ ಅಂದೆ. ಅವನು ಹೋದಮೇಲೆ ನನ್ನ ಮನಸ್ಸನ್ನು ನೋಡಿಕೊಂಡರೆ, ನನಗೆ ಹೋಗಬೇಕು ಅನ್ನಿಸುತ್ತಿತ್ತು. ಆಗ ನನ್ನ ಮೇಲೆ ನನಗೇ ಬಂದಷ್ಟು ಸಿಟ್ಟು ಅವತ್ತು ಏಜೆಂಟನ ಮೇಲೂ ಬಂದಿರಲಿಲ್ಲ.